ನಿಮಗಿದು ಗೊತ್ತೇ?: ಬಗ್ಗಿಯ ಮೈಗೆ ಪಿಕಪ್ಪಿನ ತೊಗಲು

ಪಿಕಪ್ ಗಾಡಿಯ ಹಿಂದೆ ಸರಕು ತುಂಬುವ ಜಾಗಕ್ಕೆ ಅಮೆರಿಕದವರು ‘ಬೆಡ್’ ಎನ್ನುತ್ತಾರೆ. ನಮ್ಮ ಮಾರ್ಟಳ್ಳಿ ಕಡೆ ಅದು ‘ಬಾಡಿ’. ಆ ತಗಡಿನ ಮೇಲೆ ಕಲ್ಲು, ಕಬ್ಬಿಣ, ಜೋಳದ ಮೂಟೆ ಎಳೆದಾಡಿದರೂ ಗೀರು ಬೀಳದಿರಲಿ ಎಂದು ಒಳಗಡೆ ಬಳಿಯುವ, ಒಣಗಿದ ಮೇಲೆ ಗಟ್ಟಿ ರಬ್ಬರಿನಂತೆ ಕೂರುವ ಲೇಪವೇ ಬೆಡ್ ಲೈನರ್. ಹೆಸರು ಕೇಳಿ ‘ಹಾಸಿಗೆಯ ಮೇಲುಹೊದಿಕೆ ಇರಬೇಕು’ ಅಂದುಕೊಂಡವರು ನಾಚಿಕೊಳ್ಳಬೇಕಿಲ್ಲ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ನಿಮ್ಮ ಮನೆಯ ಸ್ಪಂಜಿನ ಹಾಸಿಗೆಗೆ ದಾಯಾದಿಯೇ.

ದಾಯಾದಿ ಹೇಗಾಯಿತು? ಎರಡರ ಮೂಲದಲ್ಲೂ ಐಸೊಸಯನೇಟ್ ಎಂಬ ಒಂದೇ ವರ್ಗದ ರಾಸಾಯನಿಕವಿದೆ. 1937ರಲ್ಲಿ ಜರ್ಮನಿಯ ಲೆವರ್‌ಕೂಸೆನ್‌ನಲ್ಲಿ ಒಟ್ಟೊ ಬೇಯರ್ ಮತ್ತು ಸಂಗಡಿಗರು ಇದರಿಂದ ಪಾಲಿಯುರಥೇನ್ ಮಾಡಿದರು. ಬೆರಕೆಗೆ ನೀರಿನ ಪಸೆ ತಗುಲಿದರೆ ಇಂಗಾಲದ ಡೈ ಆಕ್ಸೈಡ್ ಹೊರಟು ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದರೆ ಸ್ಪಂಜು, ಏಳದಿದ್ದರೆ ಗಟ್ಟಿ ಲೇಪ. ಶುರುವಿನಲ್ಲಿ ಗುಳ್ಳೆ ಬಂದ ಮಾದರಿ ನೋಡಿ, ‘ಇದು ತೂತಿನ ಸ್ವಿಸ್ ಚೀಸಿನ ನಕಲು ಮಾಡೋಕೆ ಮಾತ್ರ ಲಾಯಕ್ಕು’ ಎಂದು ಗೇಲಿ ಮಾಡಿದ್ದರಂತೆ. ಗೇಲಿ ಮಾಡಿದವರೂ ಆಮೇಲೆ ಅದರ ಮೇಲೆಯೇ ಮಲಗಿರಬೇಕು, ಪಾಪ.

ಅದೇ 1937ರಲ್ಲಿ ಮೈಸೂರಿನಲ್ಲೂ ಒಂದು ಬಣ್ಣದ ಕಥೆ ಶುರುವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್, ಕಾಡಿನಿಂದ ಬರುತ್ತಿದ್ದ ಅರಗನ್ನು ನಂಬಿ ನಿಂತ ಕಾರ್ಖಾನೆ. ಮರದ ಕೊಂಬೆಗೆ ಕಚ್ಚಿಕೊಂಡ ಪುಟ್ಟ ಹುಳು ತನ್ನ ಮೈ ಕಾಯ್ದುಕೊಳ್ಳಲು ಸುರಿಸುವ ಅಂಟೇ ಅರಗು. ಅಂದರೆ ಅದೂ ಒಂದು ಲೈನರ್! ಆ ಕಾರ್ಖಾನೆ ಇವತ್ತಿನ ಮೈಸೂರು ಪೇಂಟ್ಸ್. 1962ರ ಚುನಾವಣೆಯಿಂದ ನಮ್ಮ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿಂದಲೇ ಬರುತ್ತಿದೆ.

ಈಗ ಚಾಲ್ತಿಯಲ್ಲಿರುವ ಗಟ್ಟಿ ತಳಿಯ ಬೆಡ್ ಲೈನರ್ ಪಾಲಿಯುರಥೇನಿನ ತಮ್ಮ, ಪಾಲಿಯುರಿಯಾ. 1980ರ ದಶಕದಲ್ಲಿ ಅಮೆರಿಕದ ಟೆಕ್ಸಕೊ ಕೆಮಿಕಲ್ ಕಂಪನಿಯ ಡಡ್ಲಿ ಪ್ರಿಮೊ ಅದನ್ನು ಸಿಂಪಡಿಸುವ ಹದಕ್ಕೆ ತಂದವರು. ಯೂರಿಯಾ ಅಂದಕೂಡಲೇ ಗೊಬ್ಬರದ ಚೀಲ ನೆನಪಾಗುವುದು ಸಹಜ. ಪೈರಿಗೂ ಇದಕ್ಕೂ ಏನೂ ಸಂಬಂಧವಿಲ್ಲ, ಅಣುಗಳ ನಡುವಿನ ಕೊಂಡಿಯ ಹೆಸರು ಮಾತ್ರ ಅದು.

ಎಷ್ಟು ಬೇಗ ಗಟ್ಟಿಯಾಗುತ್ತದೆ? ಬಿಸಿ ಪಾಲಿಯುರಿಯಾ ಗನ್ನಿನ ಮೂತಿಯಲ್ಲಿ ಎರಡು ದ್ರವ ಸಮಸಮ ಬೆರೆತು ಹೊರಗೆ ಹಾರುತ್ತವೆ. ಶಾಖ ಸುಮಾರು 65 ಡಿಗ್ರಿ, ಒತ್ತಡ ಸುಮಾರು 2,000 ಪಿಎಸ್‌ಐ. ಕಾರಿನ ಚಕ್ರದ ಗಾಳಿ 30ರ ಆಸುಪಾಸು ಎಂದು ನೆನಪಿಟ್ಟುಕೊಂಡರೆ ಆ ಒತ್ತಡ ಎಂಥದ್ದೆಂದು ತಿಳಿಯುತ್ತದೆ. ತಗಡಿಗೆ ಬಡಿದ ಕೆಲವೇ ಸೆಕೆಂಡಿನಲ್ಲಿ ಅಂಟಾಗಿ, ಸ್ವಲ್ಪ ಹೊತ್ತಿಗೆ ಮುಟ್ಟುವ ಹಾಗಾಗುತ್ತದೆ. ಅದರ ಯಂತ್ರ ದುಬಾರಿ. ಮೂಲೆ ಅಂಗಡಿಯ ಕಂಪ್ರೆಸರಿನಲ್ಲಿ ಆಗುವ ಮಾತಲ್ಲ.

ಮೂಲೆ ಅಂಗಡಿಗೆ ಸಿಗುವುದು ಬಾಟಲಿಯ ಮಾಲು. ಮುಕ್ಕಾಲು ಬಾಟಲಿ ಲೇಪ ಇರುತ್ತದೆ, ಗೆರೆಯವರೆಗೆ ಹಾರ್ಡನರ್ ಸುರಿದು ಚೆನ್ನಾಗಿ ಕುಲುಕಿ, ಬಾಟಲಿಯನ್ನೇ ಗನ್ನಿಗೆ ತಿರುಗಿಸಿ ಹೊಡೆಯುತ್ತಾರೆ. ಮೂರು ಪಾಲಿಗೆ ಒಂದು ಪಾಲು. ಇದು ಮುಟ್ಟಲು ಒಣಗಿದಂತೆ ಕಂಡರೂ ಪೂರ್ತಿ ಗಟ್ಟಿಯಾಗಲು ವಾರ ಬೇಕು. ಮಾರನೇ ದಿನವೇ ಕಲ್ಲು ತುಂಬಿದವರ ಕಥೆ ಮುಂದೆ ಬರುತ್ತದೆ.

ಸರಿ, ಇದು ಪಿಕಪ್ಪಿನ ಮಾತಾಯಿತು. ಡ್ಯೂನ್ ಬಗ್ಗಿ ಯಾವುದು? ‘ಡ್ಯೂನ್’ ಎಂದರೆ ಮರಳ ದಿಬ್ಬ. ಬಾಗಿಲಿಲ್ಲದ, ತಲೆಯ ಮೇಲೆ ಕೊಳವೆಯ ಪಂಜರ ಹೊತ್ತ, ದಪ್ಪ ಚಕ್ರದ, ಮರಳಲ್ಲಿ ಹೂತುಕೊಳ್ಳದೆ ಓಡುವ ಹಗುರ ಗಾಡಿ. ಮಾರ್ಟಳ್ಳಿಗೆ ಹತ್ತಿರದ ಮರಳ ದಿಬ್ಬ ಯಾವುದು ಹೇಳಿ ನೋಡೋಣ. ತಲಕಾಡು! ಕೊಳ್ಳೇಗಾಲ ದಾಟಿದರೆ ಅತ್ತ ಕಾವೇರಿ ದಂಡೆಯಲ್ಲಿ ದೇವಸ್ಥಾನಗಳನ್ನೇ ನುಂಗಿದ ಮರಳು. ಅಲಮೇಲಮ್ಮನ ಶಾಪ ಎನ್ನುವವರು ಎನ್ನಲಿ, ಗಾಳಿ ಮತ್ತು ಹೊಳೆಯ ಕೆಲಸ ಎನ್ನುವವರು ಎನ್ನಲಿ. ಅಲ್ಲಿ ಬಗ್ಗಿ ಓಡಿಸುವ ಆಸೆ ಮಾತ್ರ ಬೇಡ, ಅದು ಕಾಯ್ದಿಟ್ಟ ಜಾಗ. ಪಂಚಲಿಂಗ ದರ್ಶನಕ್ಕೆ ಬರಿಗಾಲಲ್ಲಿ ನಡೆದೇ ಹೋಗಿ.

ಬಗ್ಗಿಯ ಹೆಸರಾಂತ ಅಪ್ಪ ಬ್ರೂಸ್ ಮೇಯರ್ಸ್. ಕ್ಯಾಲಿಫೋರ್ನಿಯಾದಲ್ಲಿ ಫೈಬರ್ ಗ್ಲಾಸಿನ ದೋಣಿ ಕಟ್ಟುತ್ತಿದ್ದ ಈ ಮನುಷ್ಯ 1964ರಲ್ಲಿ ದೋಣಿಯ ತಂತ್ರವನ್ನೇ ಕಾರಿಗೆ ತಂದ. ಫೋಕ್ಸ್‌ವ್ಯಾಗನ್ ಬೀಟಲಿನ ಎಂಜಿನ್ನು, ಮೇಲೆ ಬಾತ್‌ಟಬ್ಬಿನಂಥ ಫೈಬರ್ ಮೈ. ಹೆಸರು ಮೇಯರ್ಸ್ ಮ್ಯಾಂಕ್ಸ್. ಮೊದಲ ಗಾಡಿಯ ಅಡ್ಡಹೆಸರು ‘ಓಲ್ಡ್ ರೆಡ್’, ನಮ್ಮ ಮಾತಲ್ಲಿ ‘ಹಳೇ ಕೆಂಪಣ್ಣ’. ಮುಂದೆ ಮಾರಿದ ಕಿಟ್‌ಗಳಿಗೆ ಬೀಟಲಿನ ಅಡಿಪಾಯವನ್ನು ಸುಮಾರು 36 ಸೆಂಟಿಮೀಟರ್ ಕತ್ತರಿಸಿ ಮತ್ತೆ ಬೆಸುಗೆ ಹಾಕಬೇಕಿತ್ತು.

1967ರಲ್ಲಿ ಮೆಕ್ಸಿಕೊದ ಬಾಹಾ ಮರುಭೂಮಿಯಲ್ಲಿ ನಡೆದ ಮೊದಲ ಮೆಕ್ಸಿಕನ್ 1000 ಓಟವನ್ನು ಗೆದ್ದದ್ದು ಮ್ಯಾಂಕ್ಸ್. ಹಿಡಿದ ಹೊತ್ತು 27 ಗಂಟೆ 38 ನಿಮಿಷ. ಆಮೇಲೆ ಎಲ್ಲರೂ ಅದನ್ನು ನಕಲು ಹೊಡೆದರು. ಮೇಯರ್ಸ್ ನ್ಯಾಯಾಲಯಕ್ಕೆ ಹೋಗಿ ಸೋತ. ನಕಲುಗಳ ಲೆಕ್ಕ ಲಕ್ಷ ದಾಟಿತು, ಅಸಲಿ ಉಳಿದದ್ದು ಕೆಲವೇ ಸಾವಿರ. 2021ರಲ್ಲಿ ತೀರಿಕೊಂಡಾಗ ಅವನಿಗೆ 94.

ಫೈಬರ್ ಗಾಡಿ ಅಂದರೆ ಹೊರದೇಶದ ಶೋಕಿ ಅಂದುಕೊಳ್ಳಬೇಡಿ. ನಮ್ಮ ಬೆಂಗಳೂರಿನಲ್ಲೇ 1970ರ ದಶಕದಲ್ಲಿ ‘ಬಾದಲ್’ ಎಂಬ ಮೂರು ಚಕ್ರದ ಫೈಬರ್ ಕಾರು ತಯಾರಾಗುತ್ತಿತ್ತು. 1982ರಲ್ಲಿ ಸಿಪಾನಿಯವರ ‘ಡಾಲ್ಫಿನ್’ ಬಂತು. 848 ಸಿಸಿ ಎಂಜಿನ್ನು, ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ಅಚ್ಚು, ಫೈಬರ್ ಗ್ಲಾಸಿನ ಮೈ. ಮಾರುತಿ 800 ಬಂದು ಅದನ್ನು ಮೂಲೆಗೆ ತಳ್ಳಿದರೂ, ಹಗುರ ಮೈಯ ಕಾರಣಕ್ಕೆ ದಕ್ಷಿಣದ ಓಟದ ಹುಡುಗರಿಗೆ ಅದು ಅಚ್ಚುಮೆಚ್ಚು. 2001ರಲ್ಲಿ ಬೆಂಗಳೂರಿನದೇ ‘ರೇವಾ’ ವಿದ್ಯುತ್ ಕಾರು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅದರ ಮೈ ಎಬಿಎಸ್ ಪ್ಲಾಸ್ಟಿಕ್, ಗುದ್ದಿದರೆ ತಗ್ಗಿ ತಾನೇ ಮೇಲೇಳುತ್ತಿತ್ತು. ನನ್ನ ಕೇಳಿದರೆ ಲೈನರ್ ಬೇಕಿಲ್ಲದ ಕಾರು ಅದೊಂದೇ.

ಫೈಬರಿಗೆ ತುಕ್ಕಿಲ್ಲ. ಹಾಗಿದ್ದ ಮೇಲೆ ಬಗ್ಗಿಗೆ ಲೈನರ್ ಯಾಕೆ? ಒಳ್ಳೆಯ ಪ್ರಶ್ನೆ. ಫೈಬರಿನ ಶತ್ರು ತುಕ್ಕಲ್ಲ, ಕಲ್ಲು. ಅದೂ ಹೊರಗಿನಿಂದ ಬಂದ ಕಲ್ಲಲ್ಲ, ಗಾಡಿಯ ಚಕ್ರವೇ ಎತ್ತಿ ಒಳಗಿನಿಂದ ಮಡ್‌ಗಾರ್ಡಿಗೆ ಹೊಡೆಯುವ ಕಲ್ಲು. ಒಳಗೆ ಟಪ್ ಎಂದು ಬಿದ್ದ ಏಟಿಗೆ ಹೊರಗಿನ ಹೊಳಪಿನ ಪದರ ನಕ್ಷತ್ರದಂತೆ, ಜೇಡರ ಬಲೆಯಂತೆ ಸೀಳುತ್ತದೆ. ಮೇಲಿನಿಂದ ನೋಡಿದವನಿಗೆ ಯಾರು ಹೊಡೆದರು ಎಂದೇ ತಿಳಿಯುವುದಿಲ್ಲ. ಆದ್ದರಿಂದ ಬಲ್ಲವರು ಲೈನರನ್ನು ಮೊದಲು ಬಳಿಸುವುದು ಮಡ್‌ಗಾರ್ಡಿನ ಒಳಹೊಟ್ಟೆಗೆ ಮತ್ತು ಕಾಲಿಡುವ ನೆಲಕ್ಕೆ. ಹೊರಮೈಗಲ್ಲ. ಈ ಅಂಕಣದಲ್ಲಿ ಒಂದೇ ಒಂದು ಸಾಲು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ: ಕಲ್ಲು ಬೀಳುವಲ್ಲಿ ಹಾಕಿಸಿ, ಕಣ್ಣು ಬೀಳುವಲ್ಲಿ ಬೇಡ.

ಇನ್ನೊಂದು ಲಾಭ ಸದ್ದಿನದು. ಬರಿಯ ಫೈಬರು ಡೋಲು ಇದ್ದ ಹಾಗೆ, ಪ್ರತಿ ಕಲ್ಲಿಗೂ ದನಿಗೂಡಿಸುತ್ತದೆ. ಎರಡು ಮಿಲಿಮೀಟರ್ ರಬ್ಬರಿನಂಥ ಪದರ ಬಿದ್ದರೆ ಡೋಲಿಗೆ ಕಂಬಳಿ ಹೊದಿಸಿದಂತೆ. ಬಗ್ಗಿ ಮೌನಿಯಾಗುತ್ತದೆ ಎಂದಲ್ಲ, ಹಿಂದೆ ಎಂಜಿನ್ನು ಹೇಗೂ ಕಿರುಚುತ್ತಿರುತ್ತದೆ.

ಮಾರ್ಟಳ್ಳಿಯಲ್ಲಿ ಬಗ್ಗಿ ಇದೆಯೇ ಎಂದು ಯಾರೋ ಕೇಳುತ್ತಾರೆ. ಇಲ್ಲಿ ಓಡುವುದು ಪಿಕಪ್ಪು, ಜೀಪು, ಟ್ರ್ಯಾಕ್ಟರು. ಆದರೆ ದಾರಿಯನ್ನು ನೋಡಿದರೆ ಬಗ್ಗಿಯ ದಾರಿಯೇ. ಹನೂರು ತಾಲ್ಲೂಕಿನ ಈ ಅಂಚಿನಲ್ಲಿ, ಸುಳ್ವಾಡಿ, ಹೂಗ್ಯಂ ಕಡೆಗೆ, ಡಾಂಬರು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಕಲ್ಲು ಶುರು. ಮಲೆ ಮಹದೇಶ್ವರ ವನ್ಯಧಾಮದೊಳಗಿನ ಹಳ್ಳಿಗಳಿಗೆ ಬಸ್ಸು ಹೋಗದ ದಾರಿಯಲ್ಲಿ ಅರಣ್ಯ ಇಲಾಖೆಯೇ ‘ಜನ ವನ ಸೇತುವೆ’ ಎಂದು ಜೀಪು ಓಡಿಸಿದ್ದುಂಟು. ಮಾದಪ್ಪನ ಕಥೆಯಲ್ಲಿ ಈ ಎಪ್ಪತ್ತೇಳು ಮಲೆ ಸುತ್ತಲು ಹುಲಿಯೇ ವಾಹನ. ಹುಲಿಗೆ ಲೈನರ್ ಹುಟ್ಟುತ್ತಲೇ ಬಂದಿದೆ.

ನಮ್ಮ ಕಡೆ ಪಿಕಪ್ಪಿನ ಬಾಡಿಯನ್ನು ತಿನ್ನುವುದು ಮಳೆಗಿಂತ ಹೆಚ್ಚಾಗಿ ಗೊಬ್ಬರ. ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಸೋದರ. ಚೀಲ ಒಡೆದು ಎರಡು ಹಿಡಿ ಮೂಲೆಯಲ್ಲಿ ಬಿದ್ದರೆ, ಗಾಳಿಯ ತೇವ ಕುಡಿದು ನೀರಾಗಿ ತಗಡಿನ ಬೆಸುಗೆ ಸಂದಿಗೆ ಇಳಿಯುತ್ತದೆ. ಸಮುದ್ರ ನೋಡದ ಗಾಡಿಗೂ ಮಲ್ಪೆಯ ಗಾಡಿಯ ಗತಿ.

ಪ್ಲಾಸ್ಟಿಕ್ಕಿನ ತಟ್ಟೆಯಂಥ ರೆಡಿಮೇಡ್ ಲೈನರ್ ಕೂಡ ಸಿಗುತ್ತದೆ. ಬಾಡಿಯೊಳಗೆ ಇಟ್ಟರಾಯಿತು. ಅಗ್ಗ, ಸುಲಭ. ಆದರೆ ತಟ್ಟೆಗೂ ತಗಡಿಗೂ ನಡುವೆ ಮರಳು ಸೇರಿ, ಗಾಡಿ ಅಲುಗಿದಂತೆಲ್ಲ ಅದೇ ಎಮರಿ ಪೇಪರಾಗಿ ಬಣ್ಣ ಉಜ್ಜುತ್ತದೆ. ನೀರೂ ನಿಲ್ಲುತ್ತದೆ. ಎರಡು ವರ್ಷ ಬಿಟ್ಟು ಎತ್ತಿದವರಿಗೆ ಕೆಳಗೆ ಕೆಂಪು ಪುಡಿ ಸಿಕ್ಕರೆ ಅಚ್ಚರಿಯಿಲ್ಲ.

ಲೇಪ ಬಳಿಯುವ ವಿದ್ಯೆ ನಮಗೆ ಹೊಸದೇ? ಅಜ್ಜಿ ಬಿದಿರಿನ ಮೊರಕ್ಕೆ ಮೆಂತ್ಯ ಮತ್ತು ಕಾಗದ ನೆನೆಸಿ ರುಬ್ಬಿ ಸಾರಿಸುತ್ತಿದ್ದದ್ದು ಏನು ಮತ್ತೆ? ಮೆಂತ್ಯದ ಲೋಳೆ ಅಂಟು, ಕಾಗದದ ನಾರು ಬಲ. ಮೇಯರ್ಸ್ ದೋಣಿಯಲ್ಲಿ ರಾಳ ಅಂಟು, ಗಾಜಿನ ನಾರು ಬಲ. ತತ್ವ ಒಂದೇ. ಸಂದಿ ಮುಚ್ಚಿತು, ರಾಗಿ ಸೋರಲಿಲ್ಲ, ಮೊರ ನಾಲ್ಕು ವರ್ಷ ಹೆಚ್ಚು ಬಾಳಿತು.

ಗೋಪಿನಾಥಂ ದಾಟಿ ಹೊಗೆನಕಲ್ಲಿನ ದಡಕ್ಕೆ ಹೋದರೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿನ ಹರಿಗೋಲು ಬಿದಿರ ಬುಟ್ಟಿ. ಹಿಂದೆ ಅದಕ್ಕೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಸುತ್ತಿ ಮೇಲೆ ಡಾಂಬರು ಬಳಿಯುತ್ತಾರೆ. ನೀರು ಒಳಗೆ ಬರಬಾರದು, ಬಂಡೆ ಉಜ್ಜಿದರೆ ಹರಿಯಬಾರದು, ಸವೆದಲ್ಲಿ ಮತ್ತೆ ಬಳಿಯಲು ಬರಬೇಕು. ಬೆಡ್ ಲೈನರ್ ಕಂಪನಿಗಳು ಹೊಳೆಯುವ ಕಾಗದದಲ್ಲಿ ಅಚ್ಚು ಹಾಕಿಸುವ ಗುಣಗಳಲ್ಲಿ ಈ ಮೂರೂ ಇರುತ್ತವೆ. ಅಂಬಿಗರಿಗೆ ಅಚ್ಚು ಹಾಕಿಸುವ ಅಗತ್ಯ ಬಿದ್ದಿಲ್ಲ ಅಷ್ಟೆ.

ಈಗ ಮಾರನೇ ದಿನವೇ ಕಲ್ಲು ತುಂಬಿದವರ ಕಥೆ. ನಮ್ಮ ಭಾವ ಜೋಳ ಸಾಗಿಸುವ ಪಿಕಪ್ಪಿಗೆ ಲೈನರ್ ಹೊಡೆಸಿಕೊಂಡು ಬಂದರು. ಎಲ್ಲಿ ಎಂದು ಹೇಳುವುದು ಬೇಡ. ಬೆಳಗ್ಗೆ ಬಿಟ್ಟ ಗಾಡಿ ಸಂಜೆಗೆ ಕೈಗೆ ಬಂತು, ಕರ್ರಗೆ, ಎಮ್ಮೆಯ ಬೆನ್ನಿನಂತೆ. ಮಾರನೇ ದಿನ ಸೈಜುಗಲ್ಲು ತುಂಬಿದರು. ಮೂರು ತಿಂಗಳಿಗೆ ಒಂದು ಮೂಲೆಯಲ್ಲಿ ಉಗುರು ಸೇರಿಸಿ ಎಳೆದರೆ ಮೊಳದುದ್ದ ಹಾಳೆ ಕೈಗೆ ಬಂತು.

‘ಅದೇನ್ ಬಾವ, ಹಾವು ಪೊರೆ ಬುಟ್ಟಂಗೆ ಬುಟ್ಟದಲ್ಲ?’

‘ಕಂಪನಿ ಮಾಲೇ ಸರಿಯಿಲ್ಲ ಕನ.’

ಮಾಲಿನ ತಪ್ಪಾಗಿರಲಿಲ್ಲ. ಕಿತ್ತು ಬಂದ ಹಾಳೆಯ ಅಡಿಭಾಗ ನೋಡಿದೆ: ಕನ್ನಡಿಯಂತೆ ನುಣ್ಣಗೆ. ಅಂದರೆ ಅದು ಕಂಪನಿಯ ಹೊಳಪು ಬಣ್ಣದ ಮೇಲೆಯೇ, ಉಜ್ಜದೆ, ಕೂತಿತ್ತು. ಗೋಡೆಗೆ ಸುಣ್ಣ ಹೊಡೆಯುವ ಮೊದಲು ಕೆರೆಯುವಷ್ಟು ವ್ಯವಧಾನವೂ ಇಲ್ಲದೆ ಮಾಡಿದ ಕೆಲಸ. ಊರಿನ ಹಳೆಯ ಪೇಂಟರೊಬ್ಬರು ಅದನ್ನು ತಿರುಗಿಸಿ ನೋಡಿ, ‘ಅಣ್ಣಾ, ಹೊಡಿಯೋದು ಅರ್ಧ ಗಂಟೆ ಕೆಲ್ಸ, ಉಜ್ಜೋದು ಎರಡ್ ದಿನದ ಕೆಲ್ಸ. ಜನ ಅರ್ಧ ಗಂಟೆಗೇ ದುಡ್ಡು ಕೊಡ್ತಾರೆ’ ಅಂದರು.

ಎಮರಿ ಪೇಪರಿನ ನಂಬರ್ ಹೆಚ್ಚಿದಷ್ಟೂ ಕಾಳು ಸಣ್ಣ. 80 ಒರಟು, 400 ನಯ. ಲೈನರಿಗೆ ಬೇಕಾದದ್ದು ಒರಟು. ಬಣ್ಣಕ್ಕೆ ನಯ ಮಾಡುವ ಅಭ್ಯಾಸದ ಕೈ ಇಲ್ಲೂ ನಯ ಮಾಡಿಬಿಡುತ್ತದೆ. ಅದು ತಪ್ಪು. ಲೇಪಕ್ಕೆ ಕಚ್ಚಿಕೊಳ್ಳಲು ಗೀರು ಬೇಕು. ಅಂದಹಾಗೆ ಮಾರ್ಟಳ್ಳಿಯ ಮನೆಮನೆಗಳಲ್ಲಿ ತಮಿಳೂ ಕನ್ನಡವೂ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ. ಇಲ್ಲಿನ ಎಷ್ಟೋ ಕೆಲಸಗಾರರ ಬಾಯಲ್ಲಿ ಎಮರಿ ಪೇಪರ್ ‘ಉಪ್ಪುತ್ತಾಳ್’, ಉಪ್ಪಿನ ಹಾಳೆ. ಮುಟ್ಟಿ ನೋಡಿದರೆ ಹೆಸರಿಟ್ಟವನ ಜಾಣ್ಮೆ ಗೊತ್ತಾಗುತ್ತದೆ.

ಎಣ್ಣೆ ಪಸೆ ಹೋಗಿದೆಯೋ ಇಲ್ಲವೋ ತಿಳಿಯಲು ಯಂತ್ರ ಬೇಡ, ಒಂದು ಚೊಂಬು ನೀರು ಸಾಕು. ಉಜ್ಜಿ ತೊಳೆದ ಮೈಮೇಲೆ ಸುರಿಯಿರಿ. ನೀರು ಒಂದೇ ಹಾಳೆಯಾಗಿ ಹರಡಿ ನಿಂತರೆ ಮೈ ಶುದ್ಧ. ಕೆಸುವಿನೆಲೆಯ ಮೇಲಿನ ಹನಿಯಂತೆ ಒಡೆದು ಓಡಿದರೆ ಇನ್ನೂ ಜಿಡ್ಡಿದೆ. ಪೇಂಟರ್ ‘ಆಯ್ತು ಸಾರ್, ಕ್ಲೀನ್ ಆಗದೆ’ ಎಂದಾಗ ಚೊಂಬು ಹಿಡಿದು ನಿಲ್ಲಿ. ಬೈದುಕೊಳ್ಳುತ್ತಾನೆ. ಬೈದುಕೊಳ್ಳಲಿ. ಪರೀಕ್ಷೆ ಮುಗಿದ ಮೇಲೆ ಪೂರ್ತಿ ಒಣಗಿಸುವುದನ್ನು ಮರೆಯಬೇಡಿ. ಪಸೆ ಉಳಿದರೆ ಗುಳ್ಳೆ, ಆ ಸ್ವಿಸ್ ಚೀಸಿನ ಕಥೆ.

ಹಳೇ ಬಗ್ಗಿಯ ಫೈಬರಿಗೆ ಇನ್ನೊಂದು ತೊಡಕು. ಅಚ್ಚಿನಿಂದ ಸುಲಭವಾಗಿ ಬಿಡಿಸಲು ಅಚ್ಚಿಗೆ ಮೇಣ ಬಳಿದಿರುತ್ತಾರೆ, ಆ ಮೇಣ ಮೈಗೂ ಅಂಟಿರುತ್ತದೆ. ಮೊದಲು ಉಜ್ಜಿ ಆಮೇಲೆ ಒರೆಸಿದರೆ ಮೇಣವನ್ನು ಗೀರಿನೊಳಗೆ ತುರುಕಿದಂತೆ. ಮೊದಲು ಒರೆಸಬೇಕು, ಆಮೇಲೆ ಉಜ್ಜಬೇಕು, ಮತ್ತೆ ಒರೆಸಬೇಕು. ಸೀಳಿದ ಕಡೆ ಲೈನರ್ ಸುರಿದು ಮುಚ್ಚುವುದಂತೂ ಹುಣ್ಣಿನ ಮೇಲೆ ಅಂಗಿ ತೊಟ್ಟಂತೆ. ಒಳಗೆ ಸೀಳು ಬೆಳೆಯುತ್ತಲೇ ಇರುತ್ತದೆ.

ದಪ್ಪದ ಲೆಕ್ಕ ಕೇಳಿ. ಕಾರಿನ ಕಂಪನಿ ಬಣ್ಣ, ಪ್ರೈಮರು ಎಲ್ಲ ಸೇರಿ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಯಂತ್ರದಲ್ಲಿ ಹೊಡೆದ ಲೈನರ್ 2ರಿಂದ 3 ಮಿಲಿಮೀಟರ್, ಅಂದರೆ ಇಪ್ಪತ್ತು ಮೂವತ್ತು ಪಟ್ಟು.

ದಪ್ಪ ಬಂದಲ್ಲಿ ತೂಕವೂ ಬಂತು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಬಳಿದರೆ ಒಂದು ಲೀಟರ್ ಮಾಲು, ಸರಿಸುಮಾರು ಒಂದು ಕಿಲೊ. ಬಗ್ಗಿಯ ಒಳಹೊರಗು ಸೇರಿ ಹತ್ತು ಚದರ ಮೀಟರ್ ಎಂದು ಹಿಡಿದು 2 ಮಿಲಿಮೀಟರ್ ಹೊಡೆಸಿದರೆ 20 ಕಿಲೊ. ಲಾರಿಗೆ ಅದು ಲೆಕ್ಕಕ್ಕಿಲ್ಲ. ಹಗುರವಾಗಿರುವುದೇ ಹುಟ್ಟಿನ ಉದ್ದೇಶವಾದ ಗಾಡಿಗೆ ಲೆಕ್ಕವೇ.

ಎಷ್ಟು ಲೆಕ್ಕ ಎಂದು ಕೇಳಬೇಕಾದರೆ ಎಂಜಿನಿಯರಿಂಗ್ ಕಾಲೇಜಿನ ಹುಡುಗರನ್ನು ಕೇಳಿ. 2007ರಿಂದ ನಡೆಯುತ್ತಿರುವ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗೆ ದೇಶದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಬಗ್ಗಿ ಕಟ್ಟಿಕೊಂಡು ಇಂದೋರ್ ಬಳಿಯ ಪೀಥಂಪುರಕ್ಕೆ ಹೋಗಿ ಓಡಿಸಿದ್ದಾರೆ. ಪೆಟ್ರೋಲ್ ವರ್ಗದಲ್ಲಿ ಎಲ್ಲರಿಗೂ ಒಂದೇ ಅಳತೆಯ ಸಣ್ಣ ಎಂಜಿನ್ನು, ಬಲ ಹತ್ತು ಕುದುರೆಯ ಆಸುಪಾಸು. ಎಂಜಿನ್ ಎಲ್ಲರಿಗೂ ಒಂದೇ ಆದಾಗ ಗೆಲ್ಲುವ ದಾರಿ ತೂಕ ಇಳಿಸುವುದು. ಅವರ ಮುಂದೆ ‘20 ಕಿಲೊ ಲೇಪ ಹೊಡಿಸ್ರಪ್ಪ’ ಎಂದು ನೋಡಿ, ಅಟ್ಟಿಸಿಕೊಂಡು ಬರುತ್ತಾರೆ.

ಲೈನರಿನ ಮೇಲ್ಮೈ ಕಾಳುಕಾಳಾಗಿರುತ್ತದಲ್ಲ, ಅದನ್ನು ಬೇಕಾದಂತೆ ಮಾಡಿಕೊಳ್ಳಬಹುದು. ಬಾಟಲಿ ಗನ್ನಿನಲ್ಲಿ ಗಾಳಿಯ ಒತ್ತಡ ತಗ್ಗಿಸಿದರೆ ಉಪ್ಪಿಟ್ಟಿನ ರವೆ, ಏರಿಸಿದರೆ ಚಿರೋಟಿ ರವೆ. ಕಾಲಿಡುವ ನೆಲಕ್ಕೆ ಉಪ್ಪಿಟ್ಟು ರವೆಯೇ ಮೇಲು, ಒದ್ದೆ ಚಪ್ಪಲಿ ಜಾರುವುದಿಲ್ಲ. ಹೊರಮೈಗೆ ಯಾವ ರವೆಯೂ ಕಷ್ಟ. ಆ ಕಾಳಿನ ಸಂದಿಯಲ್ಲಿ ನಮ್ಮ ಕೆಮ್ಮಣ್ಣು ಕೂತರೆ ಒರೆಸುವ ಬಟ್ಟೆ ಹರಿಯುತ್ತದೆ, ಮಣ್ಣು ಬಿಡುವುದಿಲ್ಲ. ತೆಂಗಿನ ನಾರು ಹಿಡಿದು ತಿಕ್ಕಬೇಕು.

ಕಪ್ಪು ಲೈನರ್ ಎರಡು ಬೇಸಿಗೆಗೆ ಬೂದಿ ಬಣ್ಣಕ್ಕೆ ತಿರುಗುತ್ತದೆ ಎಂಬ ದೂರು ಉಂಟು. ಪಾಲಿಯುರಿಯಾದಲ್ಲಿ ಎರಡು ಜಾತಿ. ಆರೊಮ್ಯಾಟಿಕ್ ಅಗ್ಗ, ಬಿಸಿಲಿಗೆ ಬಣ್ಣಗೆಡುತ್ತದೆ. ಅಲಿಫ್ಯಾಟಿಕ್ ದುಬಾರಿ, ಬಿಸಿಲು ತಡೆಯುತ್ತದೆ. ಬಲದಲ್ಲಿ ಮೊದಲನೆಯದೂ ಸೋಲುವುದಿಲ್ಲ, ರೂಪದಲ್ಲಿ ಸೋಲುತ್ತದೆ. ಮಡ್‌ಗಾರ್ಡಿನ ಒಳಹೊಟ್ಟೆಗೆ ಬಿಸಿಲೇ ಬೀಳದ ಮೇಲೆ ಅಲ್ಲಿಗೆ ದುಬಾರಿಯದು ಯಾಕೆ?

ಕಲ್ಲಂಗಡಿಯ ವಿಚಾರ ಹೇಳದಿದ್ದರೆ ಮಕ್ಕಳು ಬಿಡುವುದಿಲ್ಲ. ಆಸ್ಟ್ರೇಲಿಯದ ಹುಡುಗರ ಗುಂಪೊಂದು ಕಲ್ಲಂಗಡಿ ಹಣ್ಣಿಗೆ ಬೆಡ್ ಲೈನರ್ ಹೊಡೆಸಿ 45 ಮೀಟರ್ ಗೋಪುರದಿಂದ ಕೆಳಗೆ ಹಾಕಿತು. ಹಣ್ಣು ಚೆಂಡಿನಂತೆ ಪುಟಿಯಿತು, ಒಡೆಯಲಿಲ್ಲ! ಹೊರಗೆ ಸಿಪ್ಪೆ ಗಟ್ಟಿ, ಒಳಗಿನ ತಿರುಳಿನ ಗತಿ ಬೇರೆ. ಗಾಡಿ ಓಡಿಸುವವರು ತಾವು ಸಿಪ್ಪೆಯೋ ತಿರುಳೋ ಎಂದು ಒಮ್ಮೆ ಯೋಚಿಸಿ ಬೆಲ್ಟ್ ಹಾಕಿಕೊಳ್ಳುವುದು ಒಳ್ಳೆಯದು.

2001ರ ದಾಳಿಯ ನಂತರ ಅಮೆರಿಕದ ಪೆಂಟಗನ್ ಕಟ್ಟಡದ ಗೋಡೆಗಳಿಗೂ ಇದೇ ಕುಲದ ಲೇಪ ಬಳಿದರು. ಅದು ಸ್ಫೋಟವನ್ನು ನಿಲ್ಲಿಸುವುದಿಲ್ಲ. ಒಡೆದ ಇಟ್ಟಿಗೆ ಚೂರು ಚೂರಾಗಿ ಹಾರಿ ಜನರಿಗೆ ತಗುಲದಂತೆ ಬಲೆಯಂತೆ ಹಿಡಿದಿಡುತ್ತದೆ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬಿಗೆ 22 ಜನ ಬಲಿಯಾದದ್ದನ್ನು ಈ ಸೀಮೆ ಮರೆತಿಲ್ಲ. ಅದಕ್ಕೇ ಇಲ್ಲಿನ ಹಿರಿಯರು ‘ಬಾಂಬಿಗೂ ಜಗ್ಗಲ್ಲ’ ಎಂಬ ಜಾಹೀರಾತಿನ ಮಾತು ಕೇಳಿದರೆ ನಗುವುದಿಲ್ಲ, ಸುಮ್ಮನಾಗುತ್ತಾರೆ.

ಇನ್ನು ಹೊಡೆಯುವವರ ಉಸಿರಿನ ವಿಷಯಕ್ಕೆ ಬರೋಣ, ಇದನ್ನು ಅವಸರದಲ್ಲಿ ಓದಬೇಡಿ. ಐಸೊಸಯನೇಟ್ ಎಂಬ ಹೆಸರು ಎಲ್ಲೋ ಕೇಳಿದಂತಿದೆಯೇ? 1984ರ ಡಿಸೆಂಬರ್ 2ರ ರಾತ್ರಿ ಭೋಪಾಲಿನಲ್ಲಿ ಸೋರಿದ್ದು ಮೀಥೈಲ್ ಐಸೊಸಯನೇಟ್. ಲೈನರಿನಲ್ಲಿರುವುದು ಅದಲ್ಲ, ಅಷ್ಟು ಸುಲಭವಾಗಿ ಆವಿಯಾಗದ ದೊಡ್ಡ ಅಣುವಿನ ನೆಂಟ. ಬಳಿದು ಗಟ್ಟಿಯಾದ ಮೇಲೆ ಮುಟ್ಟಿದರೂ ಮಲಗಿದರೂ ತೊಂದರೆಯಿಲ್ಲ. ಆದರೆ ಗನ್ನಿನಿಂದ ಹೊಡೆಯುವಾಗ ಏಳುವ ಮಂಜು ಶ್ವಾಸಕೋಶಕ್ಕೆ ಹೊಕ್ಕರೆ ಅಸ್ತಮಾ ಹಿಡಿಯಬಹುದು. ಒಮ್ಮೆ ಮೈಗೆ ಒಗ್ಗದಂತಾದರೆ ಆಮೇಲೆ ಲವಲೇಶ ಸಾಕು, ಉಸಿರು ಕಟ್ಟುತ್ತದೆ. ಆ ಪೇಂಟರ್ ತನ್ನ ಕಸುಬನ್ನೇ ಬಿಡಬೇಕಾಗಬಹುದು.

ವಾಸನೆ ಬಂದರೆ ಮೂಗು ಮುಚ್ಚಿಕೊಂಡರಾಯಿತು ಅನ್ನುವಂತಿಲ್ಲ. ಇದರ ವಾಸನೆ ಮೂಗಿಗೆ ತಿಳಿಯುವ ಹೊತ್ತಿಗೆ ಸುರಕ್ಷಿತ ಮಿತಿ ದಾಟಿರುತ್ತದೆ. ಮುಖಕ್ಕೆ ಸುತ್ತಿದ ಟವೆಲು, ಕೊರೊನಾ ಕಾಲದ ನೀಲಿ ಮಾಸ್ಕು, ಎರಡೂ ಇಲ್ಲಿ ದೃಷ್ಟಿಬೊಂಬೆಯಷ್ಟೇ ಪ್ರಯೋಜನ. ಹೊರಗಿನ ಶುದ್ಧ ಗಾಳಿ ಕೊಳವೆಯಲ್ಲಿ ಬರುವ ಮುಖವಾಡ ಬೇಕು, ಮೈತುಂಬ ಉಡುಗೆ ಬೇಕು. ಅಂಗಡಿಯಲ್ಲಿ ಅದಿಲ್ಲದಿದ್ದರೆ ಬೇರೆ ಅಂಗಡಿ ನೋಡಿ. ಟೀ ತರುವ ಹುಡುಗನನ್ನು ಒಳಗೆ ಬಿಟ್ಟುಕೊಳ್ಳುವ ಅಂಗಡಿಯನ್ನಂತೂ ಖಂಡಿತ ಬಿಡಿ.

ಮಿಲಿಟರಿ ಹಸಿರು ಲೈನರ್ ಹೊಡೆಸಿ ಜೀಪನ್ನು ಸೇನೆಯ ಗಾಡಿಯಂತೆ ಮಾಡುವ ಆಸೆಯೇ? ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ಅಡ್ಡ ನಿಲ್ಲುತ್ತದೆ. ಆಲಿವ್ ಹಸಿರು ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಬೇರೆ ಬಣ್ಣವಾದರೂ ಆರ್‌ಸಿಯಲ್ಲಿ ನಮೂದಾದ ಬಣ್ಣ ಬದಲಾದರೆ ಆರ್‌ಟಿಒಗೆ ತಿಳಿಸಿ ತಿದ್ದಿಸಿಕೊಳ್ಳಬೇಕು. ಬಾಡಿಯ ಒಳಗೆ, ಮಡ್‌ಗಾರ್ಡಿನ ಅಡಿಗೆ ಬಳಿದದ್ದಕ್ಕೆ ಈ ರಗಳೆಯಿಲ್ಲ. ಮನೆಯಲ್ಲಿ ಕಟ್ಟಿದ ಬಗ್ಗಿಯನ್ನು ರಸ್ತೆಗೆ ನೋಂದಣಿ ಮಾಡಿಸುತ್ತೇನೆ ಎಂದು ಹೊರಟವರಿಗೆ ಮಾತ್ರ ಮಾದಪ್ಪನೇ ಗತಿ. ಖಾಸಗಿ ಜಮೀನಿನಲ್ಲಿ ಓಡಿಸಿಕೊಳ್ಳಿ, ಕಾಡಿನ ಗಡಿಯೊಳಗೆ ಬೇಡ.

ಬೇಡವೆನಿಸಿದರೆ ತೆಗೆಯಬಹುದೇ? ಉಜ್ಜದೆ ಹೊಡೆದದ್ದು ತಾನೇ ಬರುತ್ತದೆ, ಭಾವನ ಗಾಡಿಯಲ್ಲಿ ಬಂದಂತೆ. ಸರಿಯಾಗಿ ಹೊಡೆದದ್ದು ಬಣ್ಣ ತೆಗೆಯುವ ದ್ರಾವಣಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಬಿಸಿಗಾಳಿ ಗನ್ ಹಿಡಿದು, ಮೆತ್ತಗಾದಲ್ಲಿ ಕೆರೆಯುವ ಅಲಗು ಹಾಕಿ, ಅಂಗುಲ ಅಂಗುಲ ಎಬ್ಬಿಸಬೇಕು. ಕಬ್ಬಿಣ ತಡೆಯುತ್ತದೆ. ಫೈಬರು ಅಷ್ಟು ಶಾಖಕ್ಕೆ ತಾನೇ ಮೆತ್ತಗಾಗಿ ಕೂತುಕೊಂಡೀತು. ಹಳೆಯ ಬಗ್ಗಿಯ ಹೊರಮೈಗೆ ಬೇಡ ಎಂದದ್ದಕ್ಕೆ ಇದೂ ಒಂದು ಕಾರಣ.

ಭಾವ ಎರಡನೇ ಸಲ ಹೊಡೆಸಿದರು. ಈ ಸಲ ಎರಡು ದಿನ ಉಜ್ಜಿದ್ದನ್ನು ಪಕ್ಕದಲ್ಲೇ ಕೂತು ನೋಡಿದರು, ಚೊಂಬು ನಾನು ಹಿಡಿದಿದ್ದೆ. ಒಳಬಾಡಿ, ಚಕ್ರದ ಮೇಲ್ಭಾಗ, ಅಷ್ಟೆ. ಹೊರಗೂ ಕಪ್ಪು ಮಾಡಿಸುವ ಮನಸ್ಸಿತ್ತು. ತಡೆದದ್ದು ನಾನಲ್ಲ, ಬೋರ್ಡು ಬರೆಯುವವನು. ಇಲ್ಲಿನ ಗಾಡಿಗಳ ನೆತ್ತಿಯ ಮೇಲೆ ಒಂದು ಹೆಸರಿರಲೇಬೇಕು. ಒಬ್ಬರದು ಶ್ರೀ ಮಲೆ ಮಹದೇಶ್ವರ, ಪಕ್ಕದ ಮನೆಯವರದು ಆರೋಗ್ಯ ಮಾತೆ. ಆ ರವೆಯಂಥ ಮೈಮೇಲೆ ಕುಂಚ ಗೆರೆ ಹಿಡಿಯುವುದಿಲ್ಲ, ಸ್ಟಿಕ್ಕರೂ ಕಚ್ಚುವುದಿಲ್ಲ. ‘ಇದ್ರ ಮ್ಯಾಲೆ ಮಾದಪ್ಪನ್ ಹೆಸ್ರು ಬರದ್ರೆ ಅಕ್ಷರ ಎಲ್ಲಾ ಮುಳ್ಳು ಬಂದಂಗ್ ಕಾಣ್ತದೆ ಬಾವ, ನಾ ಬರ್ಯಲ್ಲ’ ಎಂದು ಡಬ್ಬಿ ಮುಚ್ಚಿಬಿಟ್ಟ. ಬಾಡಿಯ ಹೊರಗು ಇವತ್ತಿಗೂ ಬಿಳಿಯೇ, ನೆತ್ತಿಯ ಮೇಲೆ ಹಳದಿ ಅಕ್ಷರ ನುಣ್ಣಗಿದೆ.